ವಿದೇಶದಲ್ಲಿ ‘ಲೀಗಲ್’ ಗಾಂಜಾ: ಅರವತ್ತು ದಾಟಿದ ಪ್ರವಾಸಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಹಿರಿಯರ ತಂಡಗಳನ್ನು ಯುರೋಪಿಗೆ, ಅಮೆರಿಕಕ್ಕೆ ಕರೆದುಕೊಂಡು ಹೋಗುವುದು ನನ್ನ ಕೆಲಸ. ಈ ವಿಷಯದ ಪ್ರಶ್ನೆಯನ್ನು ಬಸ್ಸಿನಲ್ಲಿ ಎಲ್ಲರೆದುರು ಯಾರೂ ಕೇಳುವುದಿಲ್ಲ. ರಾತ್ರಿ ಊಟವಾದ ಮೇಲೆ, ಲಿಫ್ಟಿನ ಹತ್ತಿರ ನಿಂತು, ಆಚೀಚೆ ನೋಡಿ, ದನಿ ತಗ್ಗಿಸಿ ಕೇಳುತ್ತಾರೆ. ಅದೂ ಬಹಳ ಸಲ “ನನಗಲ್ಲ, ನಮ್ಮ ಯಜಮಾನರ ಮಂಡಿನೋವಿಗೆ” ಎಂಬ ಪೀಠಿಕೆಯೊಂದಿಗೆ. ಮಕ್ಕಳ ಮನೆಗೆ ಆರು ತಿಂಗಳಿಗೆಂದು ಹೊರಟವರು ಪತ್ರ ಬರೆದು ಕೇಳುತ್ತಾರೆ. ಹಾಗೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ.

ಅಂಗಡಿಯಲ್ಲಿ ಸಿಗುವ ಪ್ರಯಾಣ ಕೈಪಿಡಿಗಳಲ್ಲಿ ಈಗ ಈ ಬಗ್ಗೆ ಒಂದೆರಡು ಪುಟ ಇದ್ದೇ ಇರುತ್ತದೆ. ಓದಿ, ತಪ್ಪಿಲ್ಲ. ಆದರೆ ಅಲ್ಲಿ ಬರುವ ‘ನೀವು’ ಅಮೆರಿಕದ ಅಥವಾ ಯುರೋಪಿನ ಪಾಸ್‌ಪೋರ್ಟ್ ಇರುವವರು. ಭಾರತದ ಪಾಸ್‌ಪೋರ್ಟು, ಅದರೊಳಗೆ ಅಂಟಿಸಿದ ವೀಸಾ, ಕೈಚೀಲದಲ್ಲಿ ಬಿಪಿ ಮಾತ್ರೆ ಇಟ್ಟುಕೊಂಡವರಿಗೆ ಲೆಕ್ಕವೇ ಬೇರೆ. ಇಲ್ಲಿ ಹೇಳಿರುವ ನಿಯಮಗಳು 2025ರ ಮಧ್ಯಭಾಗದವು. ಇವು ಬೇಗ ಬದಲಾಗುತ್ತವೆ, ಹೊರಡುವ ಮುಂಚೆ ಇನ್ನೊಮ್ಮೆ ವಿಚಾರಿಸಿಕೊಳ್ಳಿ.

## ಮೊದಲಿಗೆ

“ಅಲ್ಲೆಲ್ಲ ಲೀಗಲ್ ಅಂತಾರಲ್ಲ, ಹಾಗಂದ್ರೆ ಬೀಡಿ ಸಿಗರೇಟ್ ಥರ ಅಂಗಡೀಲಿ ತಗೋಬಹುದಾ?”

‘ಲೀಗಲ್’ ಎಂಬ ಒಂದೇ ಮಾತಿನಲ್ಲಿ ನಾಲ್ಕೈದು ಬೇರೆ ಬೇರೆ ಸ್ಥಿತಿಗಳು ಅಡಗಿವೆ. ಕೆನಡಾ ಮತ್ತು ಅಮೆರಿಕದ 24 ರಾಜ್ಯಗಳಲ್ಲಿ ವಯಸ್ಕರಿಗೆ ಅನುಮತಿ ಇದೆ. ಅಂಗಡಿ ತೆರೆದಿರುವ ಕಡೆ ಪ್ರವಾಸಿಯೂ ಗುರುತುಪತ್ರ ತೋರಿಸಿ ಕೊಳ್ಳಬಹುದು. ನೆದರ್‌ಲ್ಯಾಂಡ್ಸ್‌ನಲ್ಲಿ ಅದು ಇಂದಿಗೂ ಕಾನೂನಿನ ಪುಸ್ತಕದಲ್ಲಿ ಅಪರಾಧವೇ, ಆದರೆ ಸರ್ಕಾರ ಕಂಡೂ ಕಾಣದಂತೆ ಇರುತ್ತದೆ. ಜರ್ಮನಿ, ಮಾಲ್ಟಾ, ಉರುಗ್ವೆ ದೇಶಗಳಲ್ಲಿ ಅದು ಅಲ್ಲಿ ವಾಸವಿರುವವರಿಗೆ ಮಾತ್ರ, ನಮಗೆ ಮಾರುವಂತಿಲ್ಲ. ದಕ್ಷಿಣ ಆಫ್ರಿಕಾದಲ್ಲಿ 2018ರ ಸಂವಿಧಾನ ನ್ಯಾಯಾಲಯದ ತೀರ್ಪಿನಿಂದ ಮನೆಯೊಳಗೆ ಬಳಸುವುದು ತಪ್ಪಲ್ಲ, ಆದರೆ ಮಾರುವುದು ತಪ್ಪು. ಹಾಗಾಗಿ ‘ಲೀಗಲ್ಲಾ?’ ಎಂದು ಕೇಳಿದರೆ ಅರ್ಧ ಉತ್ತರವಷ್ಟೇ ಸಿಗುತ್ತದೆ. ಯಾರಿಗೆ, ಎಲ್ಲಿ, ಎಷ್ಟು ಎಂದು ಕೇಳಬೇಕು.

“ನಮ್ಮ ಕಡೆ ಜಾತ್ರೇಲಿ ಸಾಧುಗಳು ಸೇದೋದೇ ತಾನೆ ಅದು? ಭಂಗಿ ಕುಡಿದೋರನ್ನೂ ನೋಡಿದ್ದೀವಿ, ಅದರಲ್ಲೇನಿದೆ?”

ಗಿಡ ಒಂದೇ, ಖಾರ ಬೇರೆ. ಭಂಗಿ ಎಂದರೆ ಎಲೆ. ಗಾಂಜಾ ಎಂದರೆ ಹೆಣ್ಣುಗಿಡದ ಹೂವಿನ ತುದಿ. ಚರಸ್ ಅದರ ಅಂಟು. ನಶೆ ಕೊಡುವ ಟಿಎಚ್‌ಸಿ ಎಲೆಯಲ್ಲಿ ಕಡಿಮೆ, ಹೂವಿನಲ್ಲಿ ಹೆಚ್ಚು, ಅಂಟಿನಲ್ಲಿ ಇನ್ನೂ ಹೆಚ್ಚು. ಅಮೆರಿಕದಲ್ಲಿ 1995ರ ಸುಮಾರಿಗೆ ಪೊಲೀಸರು ಹಿಡಿದ ಗಾಂಜಾದಲ್ಲಿ ಟಿಎಚ್‌ಸಿ ಪ್ರಮಾಣ ಸರಾಸರಿ 4 ಶೇಕಡಾ ಇತ್ತು. ಇವತ್ತು ಅಲ್ಲಿನ ಅಂಗಡಿಯ ಗಾಜಿನ ಡಬ್ಬಿಗಳಲ್ಲಿ 20 ಶೇಕಡಾ ದಾಟಿದ್ದು ಸಾಮಾನ್ಯ. ವೇಪ್ ಎಂಬ ಬ್ಯಾಟರಿ ಸಿಗರೇಟಿಗೆ ಹಾಕುವ ಸಾರದಲ್ಲಿ 70, 80 ಶೇಕಡಾ ಇರುತ್ತದೆ. ಕಾಲೇಜು ದಿನಗಳಲ್ಲಿ ಎರಡು ದಮ್ಮು ಎಳೆದು “ಏನೂ ಆಗಲಿಲ್ಲ” ಎಂದವರೇ ಈಗ ಎಡವುವುದು. ಅವರ ನೆನಪಿನಲ್ಲಿರುವುದು ಹಳೆಯ ತೂಕ.

“ಡಬ್ಬಿ ಮೇಲೆ ಟಿಎಚ್‌ಸಿ, ಸಿಬಿಡಿ ಅಂತ ಇರುತ್ತೆ. ಯಾವುದು ಒಳ್ಳೇದು?”

ತಲೆ ತಿರುಗಿಸುವುದು, ನಗಿಸುವುದು, ಹೆದರಿಸುವುದು ಎಲ್ಲ ಟಿಎಚ್‌ಸಿ ಕೆಲಸ. ಸಿಬಿಡಿ ಅದೇ ಗಿಡದ ಇನ್ನೊಂದು ಅಂಶ, ಅದರಲ್ಲಿ ಆ ನಶೆ ಇಲ್ಲ. ಮಕ್ಕಳ ತೀವ್ರ ಅಪಸ್ಮಾರಕ್ಕೆ ಶುದ್ಧ ಸಿಬಿಡಿಯ ಔಷಧವೊಂದಕ್ಕೆ ಅಮೆರಿಕದಲ್ಲಿ 2018ರಲ್ಲಿ ಒಪ್ಪಿಗೆ ಸಿಕ್ಕಿತು. ಅದು ವೈದ್ಯರು ಅಳೆದು ಕೊಡುವ ಔಷಧ. ಅಂಗಡಿಯಲ್ಲಿ, ಪೆಟ್ರೋಲ್ ಬಂಕಿನಲ್ಲಿ ಸಿಗುವ ಸಿಬಿಡಿ ಎಣ್ಣೆಯ ಕಥೆ ಬೇರೆ. ಆನ್‌ಲೈನ್‌ನಲ್ಲಿ ಕೊಂಡ 84 ಸಿಬಿಡಿ ಪದಾರ್ಥಗಳನ್ನು ಪರೀಕ್ಷಿಸಿದ 2017ರ ಅಮೆರಿಕದ ಅಧ್ಯಯನವೊಂದರಲ್ಲಿ ಚೀಟಿಯಲ್ಲಿ ಬರೆದಷ್ಟೇ ಇದ್ದದ್ದು 26ರಲ್ಲಿ ಮಾತ್ರ. 18ರಲ್ಲಿ ಟಿಎಚ್‌ಸಿಯೂ ಸಿಕ್ಕಿತು. “ಬರೀ ಸಿಬಿಡಿ, ಏನೂ ಆಗಲ್ಲ” ಎಂದವರ ಮಾತನ್ನು ಇಷ್ಟು ತಿಳಿದುಕೊಂಡು ಕೇಳಿ.

“ಈ ವಯಸ್ಸಲ್ಲಿ ಇದನ್ನ ಕೇಳೋದೇ ನಾಚಿಕೆಗೇಡು ಅಲ್ವಾ?”

ಅಲ್ಲ. ಅಮೆರಿಕದಲ್ಲಿ 65 ದಾಟಿದವರ ಪೈಕಿ ಹಿಂದಿನ ಒಂದು ತಿಂಗಳಲ್ಲಿ ಗಾಂಜಾ ಬಳಸಿದ್ದೇವೆ ಎಂದವರು 2021ರಲ್ಲಿ 4.8 ಶೇಕಡಾ ಇದ್ದರು, 2023ಕ್ಕೆ 7 ಶೇಕಡಾ ಆದರು. ಅಲ್ಲಿನ ಅಂಗಡಿಗೆ ಹೋದರೆ ನಿಮ್ಮ ಓರಗೆಯವರೇ ಕನ್ನಡಕ ಏರಿಸಿಕೊಂಡು ಚೀಟಿ ಓದುತ್ತಾ ನಿಂತಿರುತ್ತಾರೆ. ಕೇಳದೆ ಇದ್ದು, ಮೊಮ್ಮಗನ ಫ್ರೆಂಡ್ ಹೇಳಿದ್ದನ್ನು ನಂಬುವುದಕ್ಕಿಂತ ಕೇಳುವುದು ಎಷ್ಟೋ ಮೇಲು.

## ಊರೂರಿನ ಲೆಕ್ಕ

“ಆಮ್‌ಸ್ಟರ್‌ಡ್ಯಾಮಲ್ಲಿ ಎಲ್ಲಿ ನೋಡಿದ್ರೂ ‘ಕಾಫಿಶಾಪ್’ ಬೋರ್ಡು. ಒಂದು ಕಾಫಿ ಕುಡಿದು ಬರೋಣ್ವಾ?”

ಹಾಗೆ ಹೋದ ದಾವಣಗೆರೆ ಕಡೆಯ ದಂಪತಿಯೊಬ್ಬರು ನಮ್ಮ ತಂಡದಲ್ಲಿದ್ದರು. ಯಜಮಾನರು ನಿವೃತ್ತ ಮೇಷ್ಟ್ರು. “ಎರಡು ಕಾಫಿ, ಸಕ್ಕರೆ ಕಡಿಮೆ” ಎಂದರು. ಹುಡುಗ ಕಾಫಿಯನ್ನೂ ಕೊಟ್ಟ, ಜೊತೆಗೆ ಪಟ್ಟಿಯನ್ನೂ ಇಟ್ಟ. ಮೇಷ್ಟ್ರು ಕಣ್ಣಾಡಿಸಿ ಹೆಂಡತಿಗೆ, “ಗ್ರಾಮಿಗೆ 12 ಯೂರೋ ಅಂತೆ ಕಣೇ, ಈ ದುಡ್ಡಿಗೆ ಚಿಕ್ಕಮಗಳೂರಲ್ಲಿ ಒಂದು ಕೆಜಿ ಪುಡಿ ಬರುತ್ತೆ” ಎಂದರಂತೆ. ಒಳಗಿನ ಹೊಗೆಗೆ ಆಕೆಯ ತಲೆನೋವು ಸಂಜೆವರೆಗೂ ಇಳಿಯಲಿಲ್ಲ. ಆಮೇಲೆ ಇಡೀ ಪ್ರವಾಸದಲ್ಲಿ ಅವರಿಗೆ ‘ಕಾಫಿ ಮೇಷ್ಟ್ರು’ ಎಂದೇ ಹೆಸರಾಯಿತು, ಪಾಪ.

ನೆನಪಿಡಿ: ನೆದರ್‌ಲ್ಯಾಂಡ್ಸ್‌ನಲ್ಲಿ ‘ಕಾಫಿಶಾಪ್’ ಎಂದರೆ ಗಾಂಜಾ ಮಾರುವ ಜಾಗ. ಕಾಫಿ, ತಿಂಡಿ ಬೇಕೆಂದರೆ ‘ಕೆಫೆ’ ಎಂದು ಬರೆದ ಕಡೆಗೆ ಹೋಗಿ. ಪರವಾನಗಿ ಇರುವ ಕಾಫಿಶಾಪಿನ ಕಿಟಕಿಯಲ್ಲಿ ಹಸಿರು ಬಿಳುಪಿನ ಚೀಟಿ ಅಂಟಿಸಿರುತ್ತಾರೆ. ಮೂಗೂ ಹೇಳುತ್ತದೆ.

“ಅಲ್ಲಿ ತಗೊಂಡ್ರೆ ಪೊಲೀಸರು ಏನೂ ಮಾಡಲ್ವಾ?”

1976ರಲ್ಲಿ ಡಚ್ಚರು ತಮ್ಮ ಅಫೀಮು ಕಾಯ್ದೆಯನ್ನು ತಿದ್ದಿ ಗಾಂಜಾವನ್ನು ಹೆರಾಯಿನ್‌ನಂಥ ಮಾದಕಗಳಿಂದ ಬೇರೆ ಮಾಡಿದರು. ಅಂದಿನಿಂದ ಬೆಳೆದುಬಂದದ್ದು ಈ ‘ಸಹಿಸುವ’ ಪದ್ಧತಿ. 18 ದಾಟಿದವರಿಗೆ ದಿನಕ್ಕೆ 5 ಗ್ರಾಂ, ಅಂಗಡಿಯಲ್ಲಿ ದಾಸ್ತಾನು 500 ಗ್ರಾಂ ಮೀರಬಾರದು, ಮದ್ಯ ಮಾರಬಾರದು, ಜಾಹೀರಾತು ಕೂಡದು. ಇದರಲ್ಲೊಂದು ತಮಾಷೆ ಇದೆ. ಮುಂಬಾಗಿಲಲ್ಲಿ ಗಿರಾಕಿಗೆ ಮಾರಿದರೆ ಸುಮ್ಮನಿರುತ್ತಾರೆ, ಹಿಂಬಾಗಿಲಿಂದ ಅಂಗಡಿಗೆ ಮಾಲು ಬರುವುದು ಮಾತ್ರ ಅಪರಾಧ! ಆ ಗಂಟನ್ನು ಬಿಡಿಸಲು 2023ರ ಡಿಸೆಂಬರ್‌ನಲ್ಲಿ ಬ್ರೆಡಾ, ಟಿಲ್‌ಬರ್ಗ್ ನಗರಗಳಿಂದ ಶುರುಮಾಡಿ, ಪರವಾನಗಿ ಪಡೆದ ಬೆಳೆಗಾರರಿಂದಲೇ ಮಾಲು ತರಿಸುವ ಪ್ರಯೋಗ ನಡೆಸುತ್ತಿದ್ದಾರೆ.

ಪ್ರವಾಸಿ ತಿಳಿದಿರಬೇಕಾದ್ದು ಇಷ್ಟು. ಮಾಸ್ಟ್ರಿಕ್ಟ್‌ನಲ್ಲಿ ಹೊರದೇಶದವರಿಗೆ ಕೊಡುವುದಿಲ್ಲ. ಆಮ್‌ಸ್ಟರ್‌ಡ್ಯಾಮಿನ ರೆಡ್‌ಲೈಟ್ ಪ್ರದೇಶದ ಬೀದಿಯಲ್ಲಿ ಗಾಂಜಾ ಸೇದುವುದನ್ನು 2023ರ ಮೇ ತಿಂಗಳಿಂದ ನಿಷೇಧಿಸಿದ್ದಾರೆ, ಸಿಕ್ಕಿಬಿದ್ದರೆ 100 ಯೂರೋ ದಂಡ. 2008ರಿಂದ ಒಳಗೆ ಕೂತು ತಂಬಾಕು ಬೆರೆಸಿ ಸೇದುವಂತಿಲ್ಲ, ಬರೀ ಗಾಂಜಾ ಆದರೆ ಅಡ್ಡಿಯಿಲ್ಲ (ಇದನ್ನು ಕೇಳಿ ನಗದ ತಂಡವೇ ಇಲ್ಲ). ಬೀದಿಯಲ್ಲಿ ಹತ್ತಿರ ಬಂದು ಪಿಸುಗುಟ್ಟುವವರಿಂದ ಏನನ್ನೂ ಕೊಳ್ಳಬೇಡಿ, ಅದು ಯಾವ ಸಹನೆಯ ಲೆಕ್ಕಕ್ಕೂ ಬರುವುದಿಲ್ಲ. ‘ಸ್ಪೇಸ್ ಕೇಕ್’ ಎಂಬ ಗಾಂಜಾ ಬೆರೆಸಿದ ತಿನಿಸನ್ನು ನಾನಾದರೆ ಮುಟ್ಟಬೇಡಿ ಎನ್ನುತ್ತೇನೆ. ಒಂದು ತುಂಡಿನಲ್ಲಿ ಎಷ್ಟಿದೆ ಎಂಬುದಕ್ಕೆ ನಂಬುವಂಥ ಲೆಕ್ಕ ಸಿಗುವುದಿಲ್ಲ.

“ಜರ್ಮನೀಲಿ ಈಗ ಎಲ್ಲ ಫ್ರೀ ಅಂತೆ?”

2024ರ ಏಪ್ರಿಲ್ 1ರಿಂದ ವಯಸ್ಕರು ಹೊರಗೆ 25 ಗ್ರಾಂವರೆಗೆ ಇಟ್ಟುಕೊಳ್ಳಬಹುದು. ಆದರೆ ಕೊಳ್ಳುವುದು ಎಲ್ಲಿಂದ? ಅಂಗಡಿಗಳಿಲ್ಲ. ಬೆಳೆಗಾರರ ಸಂಘಗಳಿವೆ, ಕನಿಷ್ಠ ಆರು ತಿಂಗಳಿಂದ ಜರ್ಮನಿಯಲ್ಲಿ ನೆಲೆಸಿದವರಿಗೆ ಮಾತ್ರ ಅಲ್ಲಿ ಸದಸ್ಯತ್ವ. ಹದಿನೈದು ದಿನದ ಟೂರಿನವರಿಗೆ ಸರಿಯಾದ ದಾರಿಯೇ ಇಲ್ಲ.

“ಥಾಯ್ಲೆಂಡಲ್ಲಿ ಬೀದಿಗೊಂದು ಅಂಗಡಿ ಇದೆ, ನಮ್ಮ ಭಾವಮೈದ ನೋಡಿ ಬಂದಿದ್ದಾನೆ. ಅಲ್ಲಿ ಪರವಾಗಿಲ್ಲ ಅಲ್ವಾ?”

ನಿಮ್ಮ ಭಾವಮೈದ ಹೋದದ್ದು ಯಾವಾಗ ಎಂದು ಮೊದಲು ಕೇಳಿ. 2022ರ ಜೂನ್ 9ರಂದು ಥಾಯ್ಲೆಂಡ್ ಗಾಂಜಾವನ್ನು ಮಾದಕಗಳ ಪಟ್ಟಿಯಿಂದ ತೆಗೆಯಿತು, ಅಂಗಡಿಗಳು ಅಣಬೆಯಂತೆ ಎದ್ದವು. 2025ರ ಜೂನ್‌ನಲ್ಲಿ ಹೊಸ ಆದೇಶ ಬಂತು: ಇನ್ನು ಹೂವು ಬೇಕಾದರೆ ವೈದ್ಯರ ಚೀಟಿ ಬೇಕು. ಬೋರ್ಡು ನೋಡಿ ನಿಯಮವೂ ಹಳೆಯದೇ ಇರಬೇಕೆಂದು ತಿಳಿಯಬೇಡಿ. ಸಾರ್ವಜನಿಕ ಜಾಗದಲ್ಲಿ ಹೊಗೆ ಬಿಟ್ಟು ಇತರರಿಗೆ ತೊಂದರೆ ಕೊಟ್ಟರೆ 25,000 ಬಾತ್‌ವರೆಗೆ ದಂಡ, ಮೂರು ತಿಂಗಳವರೆಗೆ ಜೈಲು ಇರಬಹುದು. 0.2 ಶೇಕಡಾಕ್ಕಿಂತ ಹೆಚ್ಚು ಟಿಎಚ್‌ಸಿ ಇರುವ ಸಾರ ಅಲ್ಲಿ ಮೊದಲಿಂದಲೂ ಮಾದಕದ ಪಟ್ಟಿಯಲ್ಲೇ ಇದೆ.

“ಮಗಳು ಟೊರೊಂಟೊದಲ್ಲಿದ್ದಾಳೆ. ಅಲ್ಲಿ ಸರ್ಕಾರವೇ ಮಾರುತ್ತಂತೆ, ನಿಜವಾ?”

ನಿಜ. 2018ರ ಅಕ್ಟೋಬರ್ 17ರಿಂದ ಇಡೀ ಕೆನಡಾದಲ್ಲಿ ಗಾಂಜಾ ಕಾನೂನುಬದ್ಧ. ಒಂಟಾರಿಯೊದಲ್ಲಿ ಸಗಟು ವ್ಯಾಪಾರ ಪ್ರಾಂತ್ಯ ಸರ್ಕಾರದ ಕೈಯಲ್ಲಿದೆ, ಆನ್‌ಲೈನ್‌ನಲ್ಲೂ ಅದೇ ಮಾರುತ್ತದೆ, ಬೀದಿಯ ಅಂಗಡಿಗಳು ಖಾಸಗಿಯವು. ಕ್ವಿಬೆಕ್‌ನಲ್ಲಿ ಅಂಗಡಿಯೂ ಸರ್ಕಾರದ್ದೇ. ಹೊರಗೆ 30 ಗ್ರಾಂ ಒಣ ಹೂವಿನವರೆಗೆ ಇಟ್ಟುಕೊಳ್ಳಬಹುದು. ಪೊಟ್ಟಣದ ಮೇಲೆ ಸುಂಕದ ಮುದ್ರೆ ಇರುತ್ತದೆ. ತಿನ್ನುವ ಪದಾರ್ಥದ ಒಂದು ಇಡೀ ಪ್ಯಾಕೆಟ್‌ನಲ್ಲಿ 10 ಮಿಲಿಗ್ರಾಂ ಟಿಎಚ್‌ಸಿ ಮೀರುವಂತಿಲ್ಲ. ನನ್ನ ಕಣ್ಣಿಗೆ, ಹೊಸಬರಿಗೆ ಇದ್ದುದರಲ್ಲಿ ಕಡಿಮೆ ಅಪಾಯದ ದೇಶ ಇದೇ. ಆದರೆ ನಯಾಗರಾ ನೋಡಲು ಹೋಗಿ ಸೇತುವೆ ದಾಟಿ ಅಮೆರಿಕದ ಕಡೆಗೂ ಹೋಗುವ ಯೋಚನೆ ಇದ್ದರೆ ಕೊನೆಯ ಭಾಗವನ್ನು ಓದದೆ ಹೊರಡಬೇಡಿ.

“ಮಗ ಸ್ಯಾನ್ ಹೊಸೆಯಲ್ಲಿದ್ದಾನೆ. ಕ್ಯಾಲಿಫೋರ್ನಿಯಾದಲ್ಲಿ ತಗೊಂಡ್ರೆ ತಪ್ಪೇನು?”

ರಾಜ್ಯದ ಕಾನೂನಿನ ಪ್ರಕಾರ ತಪ್ಪಿಲ್ಲ. 2016ರಲ್ಲಿ ಜನಮತ ಗೆದ್ದು, 2018ರ ಜನವರಿ 1ರಿಂದ ಅಂಗಡಿಗಳು ತೆರೆದವು. 21 ದಾಟಿದವರಿಗೆ 28.5 ಗ್ರಾಂವರೆಗೆ ಮಿತಿ. ಕೇಂದ್ರ ಸರ್ಕಾರದ 1970ರ ಕಾಯ್ದೆಯಲ್ಲಿ ಮಾತ್ರ ಗಾಂಜಾ ಹೆರಾಯಿನ್ ಜೊತೆಗೇ ಮೊದಲ ಪಟ್ಟಿಯಲ್ಲಿ ಕೂತಿದೆ. ಅಂದರೆ ಒಂದೇ ಮನೆಯಲ್ಲಿ ಸೊಸೆ ಒಪ್ಪಿದ್ದಕ್ಕೆ ಅತ್ತೆಯ ಒಪ್ಪಿಗೆ ಇಲ್ಲದಂತೆ. ಕೇಂದ್ರದ ಅಧಿಕಾರ ಎಲ್ಲೆಲ್ಲಿ ನಡೆಯುತ್ತದೋ ಅಲ್ಲೆಲ್ಲ ಅತ್ತೆಯ ಮಾತೇ ಮಾತು: ವಿಮಾನ ನಿಲ್ದಾಣದ ತಪಾಸಣೆ, ವಲಸೆ ಕೌಂಟರು, ಯೊಸೆಮಿಟಿಯಂಥ ರಾಷ್ಟ್ರೀಯ ಉದ್ಯಾನ. ಯೊಸೆಮಿಟಿ ಕ್ಯಾಲಿಫೋರ್ನಿಯಾದೊಳಗೇ ಇದೆ, ಆದರೂ ಗೇಟು ದಾಟಿದ ಕೂಡಲೇ ಜೇಬಿನಲ್ಲಿರುವುದು ಅಪರಾಧ. ಹೋಟೆಲ್ ಕೋಣೆಯಲ್ಲಿ ಸೇದಿದರೆ ವಾಸನೆ ತೆಗೆಸಿದ ಖರ್ಚೆಂದು ನೂರಾರು ಡಾಲರ್ ಹಾಕುತ್ತಾರೆ. ಬೀದಿಯಲ್ಲೂ ಸೇದುವಂತಿಲ್ಲ.

## ಮೈ ಕೇಳುವ ಲೆಕ್ಕ

ನಾನು ಡಾಕ್ಟರಲ್ಲ. ತಂಡದ ಜೊತೆ ಆಸ್ಪತ್ರೆಗಳಿಗೆ ಓಡಾಡಿದವನು, ಅಷ್ಟೆ. ನಿಮ್ಮ ಮಾತ್ರೆಗಳ ಪಟ್ಟಿ ಹಿಡಿದು ನಿಮ್ಮ ಡಾಕ್ಟರ ಹತ್ತಿರ ಮಾತಾಡುವುದೇ ಸರಿ.

“ಸೇದೋಕೆ ಆಗಲ್ಲ, ಕೆಮ್ಮು. ಗಮ್ಮಿ ಅಂತ ಮಿಠಾಯಿ ಇದೆಯಂತಲ್ಲ, ಅದು ಸೌಮ್ಯ ಅಲ್ವಾ?”

ಅತಿ ಹೆಚ್ಚು ತೊಂದರೆ ಕೊಡುವುದು ಈ ಮಿಠಾಯಿಯೇ. ಸೇದಿದರೆ ಕೆಲವು ನಿಮಿಷದಲ್ಲಿ ಗೊತ್ತಾಗುತ್ತದೆ, ಸಾಕೆನಿಸಿದರೆ ನಿಲ್ಲಿಸಬಹುದು. ತಿಂದದ್ದು ಹೊಟ್ಟೆಗೆ ಹೋಗಿ, ಪಿತ್ತಜನಕಾಂಗದಲ್ಲಿ ಇನ್ನೂ ಬಲವಾದ ರೂಪಕ್ಕೆ ತಿರುಗಿ, ಆಮೇಲೆ ತಲೆಗೆ ಏರುತ್ತದೆ. ಅದಕ್ಕೆ ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು. ಊಟದ ಮೇಲೆ ತಿಂದರೆ ಇನ್ನೂ ತಡ. ಮುಕ್ಕಾಲು ಗಂಟೆ ಕಾದು, “ಇದು ಕೆಲಸ ಮಾಡ್ತಿಲ್ಲ, ಇನ್ನೊಂದು ಕೊಡು” ಎನ್ನುವವರೇ ರಾತ್ರಿ ಹನ್ನೊಂದಕ್ಕೆ ನನ್ನ ಕೋಣೆಯ ಬಾಗಿಲು ಬಡಿಯುವುದು. ಏರಿದ್ದು ಇಳಿಯಲು ಆರರಿಂದ ಎಂಟು ಗಂಟೆ, ಕೆಲವರಿಗೆ ಹನ್ನೆರಡು ಗಂಟೆ ಹಿಡಿಯುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ ಒಂದು ತುಂಡಿಗೆ 10 ಮಿಲಿಗ್ರಾಂ, ಪ್ಯಾಕೆಟ್‌ಗೆ 100 ಮಿಲಿಗ್ರಾಂ ಮಿತಿ. ಆ 10 ಮಿಲಿಗ್ರಾಂ ಅಭ್ಯಾಸ ಇದ್ದವರ ಅಳತೆ. ಹಿರಿಯ ಹೊಸಬರಿಗೆ ವೈದ್ಯರು ಹೇಳುವುದು 2.5 ಮಿಲಿಗ್ರಾಂ ಅಥವಾ ಅದಕ್ಕಿಂತ ಕಡಿಮೆ, ಅಂದರೆ ಆ ತುಂಡಿನ ಕಾಲು ಭಾಗ. ಆ ದಿನಕ್ಕೆ ಅಷ್ಟೇ. ಒಬ್ಬರೇ ಇರುವಾಗ ಬೇಡ. ವೈನ್ ಜೊತೆ ಖಂಡಿತ ಬೇಡ.

“ಬಿಪಿ ಮಾತ್ರೆ, ರಕ್ತ ತೆಳು ಮಾಡೋ ಮಾತ್ರೆ ತಗೋತಿದ್ದೀನಿ. ತೊಂದರೆ ಇದೆಯಾ?”

ಇದೆ. ಟಿಎಚ್‌ಸಿ ಮೊದಲು ಎದೆಬಡಿತ ಹೆಚ್ಚಿಸುತ್ತದೆ. ಕೂತವರು ಎದ್ದು ನಿಂತ ಕೂಡಲೇ ರಕ್ತದೊತ್ತಡ ಇಳಿದು ಕಣ್ಣು ಕತ್ತಲೆ ಬರಬಹುದು. ಬಿಪಿ ಮಾತ್ರೆಯೂ ಅದನ್ನೇ ಮಾಡುತ್ತಿದ್ದರೆ ಎರಡೂ ಸೇರಿ ಬೀಳಿಸುತ್ತವೆ. ಪರದೇಶದ ಬಚ್ಚಲುಮನೆಯಲ್ಲಿ ಬಿದ್ದು ಸೊಂಟ ಮುರಿದುಕೊಂಡರೆ ಪ್ರವಾಸ ಅಲ್ಲಿಗೆ ಮುಗಿಯಿತು. ರಕ್ತ ತೆಳು ಮಾಡುವ ವಾರ್ಫರಿನ್ ತೆಗೆದುಕೊಳ್ಳುವವರಲ್ಲಿ ಗಾಂಜಾ ಮತ್ತು ಸಿಬಿಡಿ ಎರಡೂ ಆ ಔಷಧ ಕರಗುವುದನ್ನು ತಡೆದು ರಕ್ತಸ್ರಾವದ ಅಪಾಯ ಹೆಚ್ಚಿಸಬಹುದು. ಸ್ಟೆಂಟ್ ಹಾಕಿಸಿಕೊಂಡವರ ಕ್ಲೊಪಿಡೊಗ್ರೆಲ್ ಮೈಯೊಳಗೆ ಚುರುಕಾಗಬೇಕಾದ ಹಾದಿಗೆ ಸಿಬಿಡಿ ಅಡ್ಡ ಬರುತ್ತದೆ. ನಿದ್ದೆಮಾತ್ರೆ, ಆತಂಕದ ಮಾತ್ರೆ ಜೊತೆ ಸೇರಿದರೆ ಮಂಪರು ದುಪ್ಪಟ್ಟು. ಈಚೆಗೆ ಹೃದಯಾಘಾತ ಆದವರು, ಎದೆಬಡಿತ ತಪ್ಪುವವರು, ಮರೆವಿನ ಕಾಯಿಲೆ ಶುರುವಾದವರು ಈ ಪ್ರಯೋಗಕ್ಕೆ ಇಳಿಯಲೇಬಾರದು. ಸಕ್ಕರೆ ಕಾಯಿಲೆಯವರಿಗೆ ಇನ್ನೊಂದು ಕಾಟ: ಹಸಿವು ಕೆರಳಿ, ಕೈಗೆ ಸಿಕ್ಕ ಸಿಹಿಯೆಲ್ಲ ಹೊಟ್ಟೆ ಸೇರುತ್ತದೆ.

ಅಂಕಿ ಬೇಕೆನ್ನುವವರಿಗೆ: ಕ್ಯಾಲಿಫೋರ್ನಿಯಾದ ತುರ್ತು ಚಿಕಿತ್ಸಾ ಘಟಕಗಳಿಗೆ ಗಾಂಜಾಕ್ಕೆ ಸಂಬಂಧಿಸಿ 65 ದಾಟಿದವರು ಬಂದ ಸಂಖ್ಯೆ 2005ರಲ್ಲಿ 366. 2019ರಲ್ಲಿ ಅದು 12,167.

“ಮಂಡಿನೋವು, ನಿದ್ದೆ, ಗ್ಲಾಕೋಮಾ ಎಲ್ಲಕ್ಕೂ ರಾಮಬಾಣ ಅಂತಾರಲ್ಲ?”

ಎಲ್ಲಕ್ಕೂ ಅಲ್ಲ. ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳು 2017ರಲ್ಲಿ ಸಂಶೋಧನೆಗಳನ್ನೆಲ್ಲ ಜಾಲಾಡಿ, ದೀರ್ಘಕಾಲದ ನೋವು, ಕೀಮೊಥೆರಪಿಯ ವಾಂತಿ ಮತ್ತು ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗದ ಸ್ನಾಯು ಸೆಳೆತ, ಈ ಮೂರಕ್ಕೆ ತಕ್ಕಮಟ್ಟಿಗೆ ಗಟ್ಟಿ ಆಧಾರ ಇದೆ ಎಂದವು. ಗ್ಲಾಕೋಮಾದಲ್ಲಿ ಕಣ್ಣಿನ ಒತ್ತಡ ಇಳಿಯುವುದು ನಿಜ, ಆದರೆ ಮೂರು ನಾಲ್ಕು ಗಂಟೆ ಮಾತ್ರ. ದಿನವಿಡೀ ನಶೆಯಲ್ಲಿರದೆ ಅದರಿಂದ ಪ್ರಯೋಜನವಿಲ್ಲ, ಕಣ್ಣಿನ ಡಾಕ್ಟರುಗಳು ಬೇಡ ಎನ್ನುವುದು ಅದಕ್ಕೇ. ಮಂಡಿನೋವಿಗೆ ಹತ್ತು ದಿನದ ಪ್ರವಾಸದಲ್ಲಿ ಹೊಸ ಮದ್ದು ಶುರುಮಾಡಿ ನಿಲ್ಲಿಸುವುದರಲ್ಲಿ ನನಗಂತೂ ಅರ್ಥ ಕಂಡಿಲ್ಲ. ಒಳ್ಳೆಯ ಶೂ ಕೊಳ್ಳಿ.

“ಗೊತ್ತಿಲ್ದೆ ತಿಂದುಬಿಟ್ರೆ ಏನು ಮಾಡೋದು?”

ಇದು ಕಲ್ಪನೆಯ ಪ್ರಶ್ನೆಯಲ್ಲ. ಮಗನ ಮನೆಯ ಫ್ರಿಜ್‌ನಲ್ಲಿ ಬಣ್ಣದ ಜೆಲ್ಲಿ ಮಿಠಾಯಿ ಕಂಡು, ಪೂಜೆಯಾದ ಮೇಲೆ ಬಾಯಿಗೆ ಹಾಕಿಕೊಂಡ ಅಜ್ಜಿಯ ಕಥೆಯನ್ನು ಅವರ ಸೊಸೆಯೇ ಬರೆದು ತಿಳಿಸಿದ್ದಾರೆ. ಅಜ್ಜಿ ಎರಡು ಗಂಟೆ ಬಿಟ್ಟು, “ಗೋಡೆ ಉಸಿರಾಡ್ತಿದೆ” ಎಂದರಂತೆ. ಮನೆಯವರು ಪಾರ್ಶ್ವವಾಯು ಎಂದುಕೊಂಡು ಆಂಬುಲೆನ್ಸ್ ಕರೆಸಿದರು. ಮಗನಿಗೆ ಹೊಳೆದದ್ದು ಆಸ್ಪತ್ರೆಯಲ್ಲಿ.

ಎದೆನೋವು, ಉಸಿರಾಟದ ಕಷ್ಟ, ಎಚ್ಚರ ತಪ್ಪುವುದು, ಮುಖ ಸೊಟ್ಟಗಾಗುವುದು, ತೀರಾ ಗೊಂದಲ, ಇವುಗಳಲ್ಲಿ ಒಂದು ಕಂಡರೂ ಯೋಚಿಸದೆ ತುರ್ತು ಸಂಖ್ಯೆಗೆ ಕರೆಮಾಡಿ: ಅಮೆರಿಕ, ಕೆನಡಾದಲ್ಲಿ 911, ಯುರೋಪಿನಲ್ಲಿ 112, ಥಾಯ್ಲೆಂಡ್‌ನಲ್ಲಿ 1669. ಇವು ಯಾವುದೂ ಇಲ್ಲದೆ ಬರೀ ತಲೆಸುತ್ತು, ಹೆದರಿಕೆ ಇದ್ದರೆ ಕೂರಿಸಿ ಅಥವಾ ಒಂದು ಮಗ್ಗುಲಿಗೆ ಮಲಗಿಸಿ, ಸ್ವಲ್ಪ ಸ್ವಲ್ಪ ನೀರು ಕೊಡಿ, ಒಬ್ಬರು ಪಕ್ಕದಲ್ಲೇ ಇರಿ, ಬಚ್ಚಲಿಗೆ ಒಬ್ಬರೇ ಹೋಗಲು ಬಿಡಬೇಡಿ. ಅಮೆರಿಕದಲ್ಲಿ ವಿಷ ಮಾಹಿತಿ ಕೇಂದ್ರದ 1-800-222-1222ಕ್ಕೆ ಹಗಲಿರುಳೂ ಉಚಿತವಾಗಿ ಕೇಳಬಹುದು. ಡಾಕ್ಟರ ಹತ್ತಿರ ಏನು ತಿಂದದ್ದು, ಎಷ್ಟು, ಯಾವಾಗ ಎಂದು ಮುಚ್ಚಿಡದೆ ಹೇಳಿ. ಮರ್ಯಾದೆಗೆ ಅಂಜಿ ಮುಚ್ಚಿಟ್ಟರೆ ಬೇಡದ ಸ್ಕ್ಯಾನುಗಳೆಲ್ಲ ಆಗುತ್ತವೆ, ಬಿಲ್ಲೂ ಬೆಳೆಯುತ್ತದೆ.

ಮಕ್ಕಳಿಗೂ ಒಂದು ಮಾತು: ಅಪ್ಪ ಅಮ್ಮ ಬರುವ ಮುಂಚೆ ಮನೆಯಲ್ಲಿರುವುದನ್ನು ಬೀಗ ಹಾಕಿಡಿ.

“ಆಸ್ಪತ್ರೆ ಖರ್ಚು ಟ್ರಾವೆಲ್ ಇನ್ಶೂರೆನ್ಸ್ ಕೊಡುತ್ತಲ್ಲ?”

ನಮ್ಮಲ್ಲಿ ಮಾರುವ ಪ್ರವಾಸ ವಿಮೆಗಳಲ್ಲಿ ನಶೆಯ ಪದಾರ್ಥದಿಂದಾದ ತೊಂದರೆಗೆ ಸಾಮಾನ್ಯವಾಗಿ ಪರಿಹಾರ ಇಲ್ಲ. ‘ಹೊರತುಪಡಿಸಿದವು’ ಎಂಬ ಪುಟ ಇರುತ್ತದೆ, ಅದನ್ನು ಓದಿ. ಅಲ್ಲಿ ಕಾನೂನುಬದ್ಧವಾಗಿತ್ತು ಎಂಬ ವಾದ ನಡೆಯುವ ಭರವಸೆ ಇಟ್ಟುಕೊಳ್ಳಬೇಡಿ.

## ವೀಸಾ, ಗಡಿ, ಮನೆಗೆ ವಾಪಸ್

“ವೀಸಾ ಇಂಟರ್‌ವ್ಯೂನಲ್ಲೋ ಏರ್‌ಪೋರ್ಟಲ್ಲೋ ಕೇಳಿದ್ರೆ ಏನಂತ ಹೇಳಬೇಕು?”

ಕೈಪಿಡಿಗಳು ಬಿಟ್ಟುಬಿಡುವುದು ಇದನ್ನೇ. ಅಮೆರಿಕದ ನಾಗರಿಕನನ್ನು ಅವನ ದೇಶಕ್ಕೆ ಬರಬೇಡ ಎನ್ನಲಾಗುವುದಿಲ್ಲ. ನಿಮ್ಮನ್ನು ಎನ್ನಬಹುದು. ಅಲ್ಲಿನ ವಲಸೆ ಕಾಯ್ದೆಯ ಪ್ರಕಾರ ಮಾದಕ ಪದಾರ್ಥದ ಅಪರಾಧ ಸಾಬೀತಾಗಬೇಕಿಲ್ಲ, ಹಾಗೆ ಮಾಡಿದ್ದೇನೆ ಎಂದು ನೀವೇ ಒಪ್ಪಿಕೊಂಡರೂ ಪ್ರವೇಶ ನಿರಾಕರಿಸಲು ಸಾಕು. ವೀಸಾ ಅರ್ಜಿಯಾದ ಡಿಎಸ್-160ರಲ್ಲೇ, ನಿಯಂತ್ರಿತ ಪದಾರ್ಥಗಳ ಯಾವುದೇ ಕಾನೂನನ್ನು ಎಂದಾದರೂ ಮುರಿದಿದ್ದೀರಾ ಎಂಬ ಪ್ರಶ್ನೆ ಇದೆ. ಕಳೆದ ವರ್ಷ ಕ್ಯಾಲಿಫೋರ್ನಿಯಾದ ಅಂಗಡಿಯಲ್ಲಿ ಬಿಲ್ಲು ಪಡೆದೇ ಕೊಂಡಿದ್ದರೂ ಅದು ಕೇಂದ್ರ ಕಾನೂನಿನ ಉಲ್ಲಂಘನೆ.

ಹಾಗೆಂದು ಸುಳ್ಳು ಹೇಳಿದರೆ ಇನ್ನೂ ದೊಡ್ಡ ಹೊಂಡ. ಅಧಿಕಾರಿಗೆ ಸುಳ್ಳು ಹೇಳಿ ವೀಸಾ ಪಡೆದದ್ದು ಬಯಲಾದರೆ ಬಾಗಿಲು ಶಾಶ್ವತವಾಗಿ ಮುಚ್ಚಬಹುದು. ನಿಜ ಹೇಳಿದರೂ ಕಷ್ಟ, ಸುಳ್ಳು ಹೇಳಿದರೂ ಕಷ್ಟ ಎಂಬ ಪರಿಸ್ಥಿತಿಗೆ ಹೋಗಿ ನಿಲ್ಲದಿರುವುದೇ ದಾರಿ. ಮೊಮ್ಮಗುವಿನ ನಾಮಕರಣಕ್ಕೆ ಮತ್ತೆ ಮತ್ತೆ ಹೋಗಬೇಕಾದವರು ಒಂದು ಮಿಠಾಯಿಗಾಗಿ ಇದನ್ನು ಪಣಕ್ಕಿಡಬಾರದು ಎನ್ನುವುದು ನನ್ನ ಖಚಿತ ಮಾತು. ಈಗಾಗಲೇ ಆಗಿದೆ ಎನ್ನುವವರು ಅರ್ಜಿ ತುಂಬುವ ಮುಂಚೆ ವಲಸೆ ವಕೀಲರನ್ನು ಕಾಣಿ.

“ನಮಗೆ ಗ್ರೀನ್ ಕಾರ್ಡ್ ಬಂದಿದೆ. ಇನ್ನು ಭಯ ಇಲ್ಲ ಅಲ್ವಾ?”

ಇದೆ. ಗ್ರೀನ್ ಕಾರ್ಡ್ ಇರುವವರು ನಾಗರಿಕರಲ್ಲ. ಬೆಂಗಳೂರಿಗೆ ಬಂದು ವಾಪಸಾಗುವಾಗ ಗಡಿಯಲ್ಲಿ ಅದೇ ಪ್ರಶ್ನೆ ಎದುರಾಗಬಹುದು. ಪೌರತ್ವಕ್ಕೆ ಅರ್ಜಿ ಹಾಕಿದಾಗಲೂ ಅಡ್ಡಿ ಇದೆ: ರಾಜ್ಯದಲ್ಲಿ ಕಾನೂನುಬದ್ಧವಾಗಿದ್ದರೂ ಗಾಂಜಾ ಬಳಕೆ ಅಥವಾ ಆ ಉದ್ಯಮದ ಕೆಲಸ ‘ಸನ್ನಡತೆ’ಗೆ ಕುಂದು ತರಬಹುದು ಎಂದು ಅಲ್ಲಿನ ವಲಸೆ ಇಲಾಖೆ 2019ರ ಏಪ್ರಿಲ್‌ನಲ್ಲಿ ಸ್ಪಷ್ಟಪಡಿಸಿತು. ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿರುವ ಮಗ, ಸೊಸೆಗೂ ಈ ಎಚ್ಚರಿಕೆ ಬೇಕು.

“ದುಡ್ಡು ಹೇಗೆ ಕೊಡೋದು, ಕಾರ್ಡಾ ನಗದಾ?”

ಅಮೆರಿಕದ ಅಂಗಡಿಗಳಲ್ಲಿ ನಗದೇ ಹೆಚ್ಚು. ಕೇಂದ್ರ ಕಾನೂನಿಗೆ ಹೆದರಿ ಕಾರ್ಡ್ ಕಂಪನಿಗಳು, ದೊಡ್ಡ ಬ್ಯಾಂಕುಗಳು ದೂರ ಇವೆ. ಕೆನಡಾದಲ್ಲಿ ಕಾರ್ಡ್ ನಡೆಯುತ್ತದೆ. ಆದರೆ ಕಾರ್ಡ್ ವಿವರ ದೇಶದ ಹೊರಗೆ ಸಂಗ್ರಹವಾದರೆ ಬೇರೆ ಸರ್ಕಾರಗಳ ಕಣ್ಣಿಗೆ ಬೀಳಬಹುದು, ಚಿಂತೆ ಇರುವವರು ನಗದು ಕೊಡಿ ಎಂದು ಅಲ್ಲಿನ ಖಾಸಗಿತನ ಆಯುಕ್ತರ ಕಚೇರಿಯೇ ಸಲಹೆ ಕೊಟ್ಟಿದೆ.

“ಉಳಿದಿದ್ದನ್ನ ಸೂಟ್‌ಕೇಸಲ್ಲಿ ಊರಿಗೆ ತರಬಹುದಾ? ಎರಡೇ ಗಮ್ಮಿ. ಸಿಬಿಡಿ ಎಣ್ಣೆನಾದ್ರೂ?”

ತರಬೇಡಿ. ಯಾವ ಗಡಿಯನ್ನೂ ದಾಟಿಸಬೇಡಿ. ಟೊರೊಂಟೊದಿಂದ ಬಫಲೋಗೂ ಇಲ್ಲ, ಎರಡೂ ಕಡೆ ಕಾನೂನುಬದ್ಧವಾಗಿದ್ದರೂ ಇಲ್ಲ. ಭಾರತಕ್ಕೆ ಬಂದರೆ ಮಾದಕ ಪದಾರ್ಥಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆ ಇದೆ. ಅದರಲ್ಲಿ 1 ಕೆಜಿವರೆಗಿನ ಗಾಂಜಾ, 100 ಗ್ರಾಂವರೆಗಿನ ಚರಸ್ ‘ಅಲ್ಪ ಪ್ರಮಾಣ’ ಎನ್ನುವುದು ನಿಜ. ಆದರೆ ಅಲ್ಪ ಪ್ರಮಾಣಕ್ಕೂ ಒಂದು ವರ್ಷದವರೆಗೆ ಜೈಲು ಶಿಕ್ಷೆ ಇದೆ. ಬ್ಯಾಂಕಾಕ್‌ನಿಂದ ಬಂದವರ ಚೀಲದಲ್ಲಿ ಹೈಡ್ರೋಪಾನಿಕ್ (ಮಣ್ಣಿಲ್ಲದೆ ನೀರಿನಲ್ಲಿ ಬೆಳೆಸಿದ) ಗಾಂಜಾ ಹಿಡಿದ ಸುದ್ದಿ ಬೆಂಗಳೂರು ವಿಮಾನ ನಿಲ್ದಾಣದಿಂದ ಬರುತ್ತಲೇ ಇರುತ್ತದೆ. ಅಲ್ಲಿನ ಕಸ್ಟಮ್ಸ್‌ನವರಿಗೆ ಇದು ಹೊಸದಲ್ಲ.

“ಭಂಗಿ ನಮ್ಮಲ್ಲಿ ತಪ್ಪಲ್ವಲ್ಲ” ಎನ್ನುವವರಿದ್ದಾರೆ. ಎಲೆ ಮತ್ತು ಬೀಜ ಹೂವಿನ ಜೊತೆ ಇಲ್ಲದಿದ್ದರೆ ಆ ಕಾಯ್ದೆಯ ‘ಗಾಂಜಾ’ದೊಳಗೆ ಬರುವುದಿಲ್ಲ, ಸರಿ. 2022ರಲ್ಲಿ ಜಾಮೀನು ಅರ್ಜಿಯೊಂದರಲ್ಲಿ ಕರ್ನಾಟಕ ಹೈಕೋರ್ಟ್ ಭಂಗಿಯ ಬಗ್ಗೆ ಅದೇ ಮಾತು ಹೇಳಿತು. ಆದರೆ ನಿಮ್ಮ ಗಮ್ಮಿಯಲ್ಲಿರುವುದು ಎಲೆಯಲ್ಲ. ಸಿಬಿಡಿ ಎಣ್ಣೆಯ ಶೀಶೆಯಲ್ಲಿ ಟಿಎಚ್‌ಸಿ ಇಲ್ಲವೆಂದು ಕೌಂಟರಿನಲ್ಲಿ ನಿಂತು ಸಾಬೀತು ಮಾಡುವುದು ನಿಮ್ಮಿಂದಾಗದು. ಅಷ್ಟು ಬೇಕೆಂದರೆ ಆಯುರ್ವೇದದಲ್ಲಿ ‘ವಿಜಯಾ’ ಎಂಬ ಹೆಸರಿನಲ್ಲಿ ಇದರ ಎಲೆಯಿಂದ ಮಾಡಿದ ಔಷಧಗಳು ವೈದ್ಯರ ಚೀಟಿಯ ಮೇಲೆ ಇಲ್ಲೇ ಸಿಗುತ್ತವೆ. ಹೊರಡುವ ಹಿಂದಿನ ರಾತ್ರಿ ಜೇಬು, ಪರ್ಸು, ಹ್ಯಾಂಡ್‌ಬ್ಯಾಗಿನ ಮೂಲೆ ಎಲ್ಲ ಜಾಡಿಸಿ ನೋಡಿ.

“ನಮ್ಮ ವಿಮಾನ ದುಬೈ ಮೇಲೆ, ತಂಗಿಯದು ಸಿಂಗಾಪುರ ಮೇಲೆ. ಬರೀ ಟ್ರಾನ್ಸಿಟ್, ಏನಾಗುತ್ತೆ?”

ಬೆಂಗಳೂರಿನಿಂದ ಹೊರಡುವ ಎಷ್ಟೋ ಹಾದಿಗಳು ಈ ಎರಡು ಊರುಗಳ ಮೇಲೆಯೇ ಹೋಗುವುದು. ಸಿಂಗಾಪುರದಲ್ಲಿ 500 ಗ್ರಾಂ ಮೀರಿದ ಗಾಂಜಾ ಸಾಗಣೆಗೆ ಮರಣದಂಡನೆ ಇದೆ, ಸ್ವಲ್ಪ ಇದ್ದರೂ ಜೈಲು. ಯುಎಇಯಲ್ಲಿ ಸೇವನೆಯೇ ಅಪರಾಧ, ರಕ್ತದಲ್ಲಿ ಅಂಶ ಸಿಕ್ಕರೂ ಕಷ್ಟಕ್ಕೆ ಸಿಲುಕಬಹುದು. ಟಿಎಚ್‌ಸಿಯ ಗುರುತು ಮೂತ್ರದಲ್ಲಿ ದಿನಗಟ್ಟಲೆ, ಅಭ್ಯಾಸ ಇದ್ದವರಲ್ಲಿ ವಾರಗಟ್ಟಲೆ ಉಳಿಯುತ್ತದೆ. ಆಮ್‌ಸ್ಟರ್‌ಡ್ಯಾಮಿನ ಕೊನೆಯ ಸಂಜೆ ‘ಒಂದೇ ಒಂದು’ ಎಂದವರು ಮರುದಿನ ದುಬೈನಲ್ಲಿ ಇಳಿಯುವವರು ಎಂಬುದನ್ನು ಮರೆತಿರುತ್ತಾರೆ.

“ನಾವು ಗಾಂಜಾ ಮುಟ್ಟೋರೇ ಅಲ್ಲ. ನಮಗೇನೂ ಚಿಂತೆ ಇಲ್ಲ ತಾನೆ?”

ಎರಡು ಇವೆ. ಒಂದು ಮಾತ್ರೆ: ಆತಂಕಕ್ಕೆ ಕೊಡುವ ಆಲ್‌ಪ್ರಜೋಲಾಮ್, ನೋವಿಗೆ ಕೊಡುವ ಟ್ರಮಡಾಲ್, ಕೊಡೀನ್ ಇರುವ ಕೆಮ್ಮಿನ ಔಷಧ ಯುಎಇಯಲ್ಲಿ ನಿಯಂತ್ರಿತ ಪಟ್ಟಿಯಲ್ಲಿವೆ. ಡಾಕ್ಟರ ಚೀಟಿ ಜೊತೆಗಿರಲಿ, ಅಲ್ಲಿ ಇಳಿದು ಊರು ನೋಡುವವರು ಮುಂಚೆಯೇ ಅನುಮತಿ ಪಡೆಯಿರಿ.

ಇನ್ನೊಂದು, ನಗಬೇಡಿ, ಗಸಗಸೆ. ಅಫೀಮು ಗಿಡದ ಬೀಜ ಎಂಬ ಕಾರಣಕ್ಕೆ ಯುಎಇಯಲ್ಲೂ ಸಿಂಗಾಪುರದಲ್ಲೂ ಅದನ್ನು ತರುವಂತಿಲ್ಲ. ಮಗಳ ಬಾಣಂತನಕ್ಕೆ ಹೊರಟ ಅಮ್ಮಂದಿರ ಸಾಮಾನಿನಲ್ಲಿ ಸಾಂಬಾರಪುಡಿ, ಅಂಟಿನುಂಡೆ, ಗಸಗಸೆ ಡಬ್ಬಿ ಅಕ್ಕಪಕ್ಕದಲ್ಲೇ ಇರುತ್ತವೆ. ದುಬೈನಲ್ಲಿ ಮಗಳ ಮನೆ ಇರುವವರು ಗಸಗಸೆ ಪಾಯಸವನ್ನು ಮಗಳು ಊರಿಗೆ ಬಂದಾಗ ಮಾಡಿಕೊಡಿ. ಅಂಟಿನುಂಡೆಗೂ ಗಸಗಸೆ ಹಾಕಿ ಕಟ್ಟಿದ್ದರೆ ಅದನ್ನೂ ಮನೆಯಲ್ಲೇ ಬಿಟ್ಟು ಹೊರಡಿ.